ಒಂಬತ್ತರಲ್ಲಿ ಏಳು

1900ರ ಜೂನ್ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾರಥಾನ್ ಕೌಂಟಿಯ ಒಂದು ಒಕ್ಕಲು ಮನೆಗೆ ಬಂದ ಜನಗಣತಿಯವನು ಆ ಮನೆಯೊಡತಿಯ ಹೆಸರಿನ ಸಾಲಿನಲ್ಲಿ ಎರಡು ಅಂಕಿಗಳನ್ನು ಬರೆದುಕೊಂಡು ಹೋಗಿದ್ದಾನೆ: ಹೆತ್ತ ಮಕ್ಕಳು 9, ಬದುಕಿರುವವರು 7. ಆಕೆ ನನ್ನ ಗಂಡನ ಮುತ್ತಜ್ಜನ ತಾಯಿ. ಆ ಹಾಳೆಯ ಪ್ರತಿಯನ್ನು 2014ರಲ್ಲಿ ಮೊದಲ ಸಲ ನೋಡಿದಾಗ ನನಗೆ ಬೇಕಾಗಿದ್ದದ್ದು ಅವರು ಜರ್ಮನಿಯಿಂದ ಬಂದ ವರ್ಷ ಮಾತ್ರ. ಅದೇ ಸಾಲಿನಲ್ಲಿ 1882 ಎಂದಿತ್ತು. ಬರೆದುಕೊಂಡು ಮುಂದಿನ ಹಾಳೆಗೆ ಹೋದೆ. ಒಂಬತ್ತರಲ್ಲಿ ಏಳು ಎಂಬ ಲೆಕ್ಕಕ್ಕೆ ನಾನು ಮರಳಿ ಬರಲು ಆರು ವರ್ಷ ಹಿಡಿಯಿತು.

ನಾನು ಹಾವೇರಿ ಜಿಲ್ಲೆಯವಳು. ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು, ಅಂಗಳದಲ್ಲಿ ನಿಂತು, ಮನೆತನದ ಮೂಲಪುರುಷನಿಂದ ಹಿಡಿದು ನನ್ನ ತಮ್ಮನವರೆಗೆ ಒಂದೇ ಉಸಿರಿನಲ್ಲಿ ಹೆಸರು ಹೇಳಿ, ಆ ವರ್ಷ ಹುಟ್ಟಿದವರನ್ನು ಸೇರಿಸಿಕೊಂಡು, ಜೋಳ ಅಳೆಸಿಕೊಂಡು ಹೋಗುತ್ತಿದ್ದರು. ನನ್ನ ಹೆಸರು ಆ ಸಾಲಿನಲ್ಲಿ ಬಂದದ್ದು ನನಗೆ ನೆನಪಿಲ್ಲ. ಹೆಣ್ಣುಮಗಳು ಕೊಟ್ಟ ಮನೆಗೆ ಸೇರಿದವಳು ಎಂಬುದು ಅವರ ಲೆಕ್ಕ, ನಮ್ಮ ಹಿರಿಯರ ಲೆಕ್ಕವೂ ಅದೇ. ಹೀಗೆ ತನ್ನ ತವರಿನ ವಂಶಾವಳಿಯಲ್ಲಿ ಇಲ್ಲದ ನಾನು, ಸೊಸೆಯಾಗಿ ಸೇರಿದ ಜರ್ಮನ್ ಮೂಲದ ಮನೆತನವೊಂದಕ್ಕೆ ಹೆಳವರ ಕೆಲಸ ಮಾಡಬೇಕಾಗಿ ಬಂದದ್ದು ಮಾವನವರು ತೀರಿಕೊಂಡ ಮೇಲೆ.

ಅವರ ಶವಸಂಸ್ಕಾರದ ಊಟ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯಿತು. ಅಲ್ಲಿಗೆ ಬಂದಿದ್ದ ವಯಸ್ಸಾದವರಲ್ಲಿ ಅರ್ಧ ಜನರು ಯಾರು, ನಮಗೆ ಹೇಗೆ ಸಂಬಂಧ ಎಂಬುದು ನನ್ನ ಗಂಡನಿಗೂ ಅವನ ತಂಗಿಯರಿಗೂ ತಿಳಿದಿರಲಿಲ್ಲ. ತಿಳಿದಿದ್ದವರು ಮಾವನವರೊಬ್ಬರೇ. ಆಮೇಲೆ ಅವರ ಮೇಜಿನ ಡ್ರಾಯರಿನಲ್ಲಿ ಅವರ ಚಿಕ್ಕಪ್ಪ 1958ರಲ್ಲಿ ಟೈಪ್ ಮಾಡಿಟ್ಟ ವಂಶಾವಳಿಯೊಂದು ಸಿಕ್ಕಿತು. ಅದರಲ್ಲಿ 94 ಹೆಸರುಗಳಿದ್ದವು, ಎಲ್ಲವೂ ಮ್ಯೂಲರ್ ಎಂಬ ಮನೆಹೆಸರಿನವು. ಹೆಣ್ಣುಮಕ್ಕಳ ಹೆಸರಿನ ಮುಂದೆ ಮದುವೆಯಾಯಿತು ಎಂಬ ಒಂದು ಪದ, ಅಲ್ಲಿಗೆ ಮುಗಿಯಿತು. ನನಗೆ ನಗು ಬಂತು. ಏಳು ಸಮುದ್ರ ದಾಟಿ ಬಂದರೂ ಹೆಳವರ ಪಟ್ಟಿಯೇ ಎದುರಾಗಿತ್ತು.

ಮ್ಯೂಲರ್ ಎಂದರೆ ಹಿಟ್ಟಿನ ಗಿರಣಿಯವನು. ಜರ್ಮನರಲ್ಲಿ ಇದಕ್ಕಿಂತ ಸಾಮಾನ್ಯವಾದ ಮನೆಹೆಸರು ಇನ್ನೊಂದಿಲ್ಲ. ನಮ್ಮ ಕಡೆ ಪಾಟೀಲರ ಮನೆ ಯಾವುದು ಎಂದು ಕೇಳಿಕೊಂಡು ಹೊರಟರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ಮಾವನವರು ಬದುಕಿದ್ದಾಗ, ನಮ್ಮ ಹೆಸರಿನ ಕಾಗುಣಿತವನ್ನು ನ್ಯೂಯಾರ್ಕ್ ಬಂದರಿನ ವಲಸಿಗರ ತಪಾಸಣಾ ಕೇಂದ್ರವಾದ ಎಲ್ಲಿಸ್ ಐಲೆಂಡಿನ ಅಧಿಕಾರಿ ಕೆಡಿಸಿದ ಎಂದು ಹೇಳುತ್ತಿದ್ದರು. ಈ ಮಾತನ್ನು ನಾನು ಆಮೇಲೆ ಹತ್ತಾರು ಮನೆಗಳಲ್ಲಿ ಕೇಳಿದ್ದೇನೆ. ಎಲ್ಲಿಸ್ ಐಲೆಂಡ್ ತೆರೆದದ್ದು 1892ರ ಜನವರಿ 1ರಂದು, ಇವರು ಬಂದ ಹತ್ತು ವರ್ಷಗಳ ಮೇಲೆ. ಅಲ್ಲಿಯೂ ಅಧಿಕಾರಿಗಳು ಹೆಸರುಗಳನ್ನು ಹೊಸದಾಗಿ ಬರೆದುಕೊಳ್ಳುತ್ತಿರಲಿಲ್ಲ, ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿಯನ್ನು ಮುಂದಿಟ್ಟುಕೊಂಡು ತಾಳೆ ನೋಡುತ್ತಿದ್ದರು. ನಮ್ಮವರು ಇಳಿದದ್ದು ಬಾಲ್ಟಿಮೋರಿನಲ್ಲಿ. ಜರ್ಮನಿಯ ಬಂದರು ಬ್ರೆಮೆನ್ನಿನ ಹಡಗು ಕಂಪನಿಯೂ ಬಾಲ್ಟಿಮೋರಿನ ರೈಲು ಕಂಪನಿಯೂ 1867ರಲ್ಲಿ ಮಾಡಿಕೊಂಡ ಒಪ್ಪಂದದಿಂದಾಗಿ ಹಡಗಿನಿಂದಿಳಿದವರು ಕಟ್ಟೆಯ ಪಕ್ಕದಲ್ಲೇ ರೈಲು ಹತ್ತಿ ಪಶ್ಚಿಮಕ್ಕೆ ಹೊರಡಬಹುದಾಗಿತ್ತು.

ಈ ಕೆಲಸಕ್ಕೆ ಕೈಹಾಕಿದವರೆಲ್ಲ ಮೊದಲು ಮಾಡುವ ತಪ್ಪನ್ನು ನಾನೂ ಮಾಡಿದೆ. ಅಮೆರಿಕದ ಕಾಗದಗಳನ್ನು ಪೂರ್ತಿ ನೋಡುವ ಮೊದಲೇ ಜರ್ಮನಿಯ ಕಾಗದಗಳಿಗೆ ಹಾರಿದೆ. ಜರ್ಮನಿಯ ದಾಖಲೆಗಳು ದೇಶಕ್ಕೆಲ್ಲ ಒಂದು ಕಡೆ ಇಲ್ಲ, ಊರೂರಿನ ಚರ್ಚಿನ ಪುಸ್ತಕಗಳಲ್ಲಿವೆ. ಆದ್ದರಿಂದ ಊರಿನ ಹೆಸರು ಗೊತ್ತಿಲ್ಲದವನಿಗೆ ಅಲ್ಲಿ ಏನೂ ಸಿಗುವುದಿಲ್ಲ. ಆ ಊರಿನ ಹೆಸರು ಹೆಚ್ಚಾಗಿ ಸಿಗುವುದು ಅಮೆರಿಕದಲ್ಲೇ. ಹ್ಯಾಂಬರ್ಗ್ ಬಂದರಿನಿಂದ ಹೊರಟಿದ್ದರೆ ಕೆಲಸ ಸುಲಭವಾಗುತ್ತಿತ್ತು, ಏಕೆಂದರೆ ಅಲ್ಲಿಯ ಪ್ರಯಾಣಿಕರ ಪಟ್ಟಿಗಳು 1850ರಿಂದ 1934ರವರೆಗೆ ಉಳಿದಿವೆ ಮತ್ತು ಅವುಗಳಲ್ಲಿ ಹೊರಟವರ ಊರನ್ನೂ ಬರೆದಿದ್ದಾರೆ. ನಮ್ಮವರು ಬ್ರೆಮೆನ್ನಿನಿಂದ ಹೊರಟವರು. ಬ್ರೆಮೆನ್ನಿನ ಹಳೆಯ ಪಟ್ಟಿಗಳನ್ನು ಇಡಲು ಜಾಗವಿಲ್ಲವೆಂದು ಅಲ್ಲಿಯವರೇ 1875ರಿಂದ ನಾಶಮಾಡುತ್ತ ಬಂದರು, ಉಳಿದವುಗಳಲ್ಲಿ ಹೆಚ್ಚಿನವು ಎರಡನೆಯ ಮಹಾಯುದ್ಧದಲ್ಲಿ ಹೋದವು. ಬಾಲ್ಟಿಮೋರಿನಲ್ಲಿ ಇಳಿದವರ ಪಟ್ಟಿಯಲ್ಲಿ ಗಂಡ, ಹೆಂಡತಿ, ನಾಲ್ಕು ವರ್ಷದ ಗಂಡುಮಗು, ಕೈಗೂಸು ಹೆಣ್ಣು, ದೇಶ ಪ್ರಷ್ಯಾ (ಅಂದಿನ ಜರ್ಮನಿಯ ದೊಡ್ಡ ರಾಜ್ಯ) ಎಂದಷ್ಟೇ ಇದೆ. ಪೌರತ್ವದ ಕಾಗದವೂ ಕೈಕೊಟ್ಟಿತು. 1906ಕ್ಕೆ ಮೊದಲು ಆ ಅರ್ಜಿಗೆ ದೇಶಕ್ಕೆಲ್ಲ ಒಂದೇ ನಮೂನೆ ಇರಲಿಲ್ಲ, ಯಾವ ಕೋರ್ಟಿನ ಗುಮಾಸ್ತನಿಗೆ ಎಷ್ಟು ಬರೆಯಬೇಕೆನ್ನಿಸಿತೋ ಅಷ್ಟು. ನಮ್ಮ ಗುಮಾಸ್ತನಿಗೆ ಜರ್ಮನಿ ಎಂದರೆ ಸಾಕೆನ್ನಿಸಿತ್ತು. ಸಮಾಧಿಕಲ್ಲಿನ ಮೇಲೆ 1853ರ ಅಕ್ಟೋಬರ್ 14 ಎಂಬ ಹುಟ್ಟಿದ ದಿನ ಜರ್ಮನ್ ಭಾಷೆಯಲ್ಲಿ ಸ್ಪಷ್ಟವಾಗಿದೆ, ಊರಿಲ್ಲ.

ವಾಸಾ ಪಟ್ಟಣದ ಪಶ್ಚಿಮಕ್ಕೆ ಇರುವ ಈ ಸೀಮೆಯಲ್ಲಿ ಸ್ಟೆಟಿನ್, ಬರ್ಲಿನ್, ಹ್ಯಾಂಬರ್ಗ್ ಎಂಬ ಹೆಸರಿನ ಟೌನ್‌ಶಿಪ್ಪುಗಳಿವೆ. ಬಂದವರಲ್ಲಿ ಬಹಳ ಮಂದಿ ಬಾಲ್ಟಿಕ್ ಸಮುದ್ರದ ಅಂಚಿನ ಪೊಮೆರೇನಿಯಾದವರು. ಅಲ್ಲಿ ನೆಲವೆಲ್ಲ ದೊಡ್ಡ ಜಮೀನುದಾರರದು, ಕೂಲಿಯವನ ಮಗ ಕೂಲಿಯವನೇ. ಇಲ್ಲಿ ಕಾಡು ಕಡಿದವನಿಗೆ ಹೊಲ ಸ್ವಂತ. ಅವರ ಲೂಥರನ್ ಚರ್ಚಿನ ಪುಸ್ತಕಗಳು ಮೊದಲ ಮಹಾಯುದ್ಧದ ಕಾಲದವರೆಗೂ ಜರ್ಮನ್ ಭಾಷೆಯಲ್ಲೇ ಇವೆ. ಅಂಥ ಒಂದು ಪುಸ್ತಕದ ಮರಣದ ಪಟ್ಟಿಯಲ್ಲಿ ಪಾದ್ರಿ ನಮ್ಮ ಹಿರಿಯನ ಹುಟ್ಟೂರನ್ನು ಪೊಮೆರೇನಿಯಾದ ನೊಯೆನ್‌ಡಾರ್ಫ್ ಎಂದು ಬರೆದಿದ್ದರು. ಅರ್ಧ ದಿನ ಬಹಳ ಖುಷಿಯಲ್ಲಿದ್ದೆ. ಆಮೇಲೆ 1912ರಲ್ಲಿ ಪ್ರಕಟವಾದ, ಜರ್ಮನ್ ಸಾಮ್ರಾಜ್ಯದ ಊರುಗಳನ್ನೆಲ್ಲ ಪಟ್ಟಿಮಾಡಿರುವ ಮೇಯರ್ಸ್ ಊರುಕೋಶವನ್ನು ತೆರೆದೆ. ನೊಯೆನ್‌ಡಾರ್ಫ್ ಎಂದರೆ ಹೊಸಹಳ್ಳಿ. ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿಗಳಿವೆಯೋ ಹಾಗೆಯೇ ಅಲ್ಲಿಯೂ ಪುಟತುಂಬ ಹೊಸಹಳ್ಳಿಗಳು. ಎರಡು ವರ್ಷ ಅಲ್ಲೇ ನಿಂತೆ.

ಹಿಂದಕ್ಕೆ ಹೋಗುವ ದಾರಿ ಮುಚ್ಚಿದ್ದರಿಂದ ಮುಂದಕ್ಕೆ ಬರೋಣವೆಂದು 2016ರಲ್ಲಿ ತೀರ್ಮಾನಿಸಿದೆ. ಅಂದರೆ, ಅವರ ಮಕ್ಕಳಿಂದ ಇಂದಿನವರೆಗೆ ಬದುಕಿರುವ ಎಲ್ಲರನ್ನೂ ಹುಡುಕಿ, ಮುಂದಿನ ಬೇಸಿಗೆಯಲ್ಲಿ ಒಂದು ಕಡೆ ಸೇರಿಸುವುದು. ಗಂಡುಮಕ್ಕಳ ಸಂತಾನವನ್ನು ಹುಡುಕುವುದಕ್ಕೆ ತಾಳ್ಮೆ ಇದ್ದರೆ ಸಾಕು. ಹೆಣ್ಣುಮಕ್ಕಳದು ಹಾಗಲ್ಲ. ಇಲ್ಲಿಯ ಹಳೆಯ ಪತ್ರಿಕೆಗಳ ನಿಧನವಾರ್ತೆಯಲ್ಲಿ ಸತ್ತವರ ಮಕ್ಕಳು, ಒಡಹುಟ್ಟಿದವರನ್ನೆಲ್ಲ ಹೆಸರಿಸುವ ಪದ್ಧತಿಯಿದೆ. ಆದರೆ ಮದುವೆಯಾದ ಹೆಂಗಸು ಅಲ್ಲಿ ಗಂಡನ ಹೆಸರಿನ ಹಿಂದೆ ಶ್ರೀಮತಿ ಸೇರಿಸಿದ ರೂಪದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾಳೆ. ಆಕೆಯ ಸ್ವಂತ ಹೆಸರು ಬೇಕಿದ್ದರೆ ಮದುವೆಯ ದಾಖಲೆಗೆ ಹೋಗಬೇಕು, ಎರಡನೆಯ ಮದುವೆಯಾಗಿದ್ದರೆ ಮತ್ತೆ ಇನ್ನೊಂದಕ್ಕೆ. ಹೀಗೆ ಒಬ್ಬೊಬ್ಬ ಹೆಣ್ಣುಮಗಳ ಹಿಂದೆ ಒಂದೊಂದು ತಿಂಗಳು ಕಳೆದದ್ದುಂಟು. ಕೆಲಸ ಹೆಚ್ಚಾಯಿತೆಂದು ಯಾರಾದರೂ ಹೇಳಿದರೆ ನನಗೆ ಹಟ ಹೆಚ್ಚಾಗುತ್ತಿತ್ತು. 94 ಹೆಸರಿನ ಪಟ್ಟಿ ಒಂದು ವರ್ಷದಲ್ಲಿ 430 ದಾಟಿತು, ಅದರಲ್ಲಿ ಬಹುಪಾಲು ಹೆಣ್ಣುಮಕ್ಕಳ ಕಡೆಯವರೇ.

ಕಾಣೆಯಾದ ಕವಲೂ ಒಂದಿತ್ತು. ಮೂರನೆಯ ಮಗ ಮಿಲ್ವಾಕಿ ನಗರಕ್ಕೆ ಹೋದವನು, ಆಸ್ತಿಯ ವಿಷಯದಲ್ಲಿ ಅಣ್ಣನೊಂದಿಗೆ ಮಾತು ಬಿಟ್ಟವನು. 1958ರ ಪಟ್ಟಿಯಲ್ಲಿ ಅವನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇತ್ತು. ಅವನ ತಂಗಿಯೊಬ್ಬಳ 1951ರ ನಿಧನವಾರ್ತೆಯಲ್ಲಿ ಬದುಕಿರುವ ಅಣ್ಣನೆಂದು ಮ್ಯೂಲರ್ ಎಂಬುದರ ಇಂಗ್ಲಿಷ್ ರೂಪವಾದ ಮಿಲ್ಲರ್ ಎಂಬ ಮನೆಹೆಸರಿನವನೊಬ್ಬನ ಹೆಸರು ಕಂಡಾಗ ವಿಷಯ ತಿಳಿಯಿತು. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕಿಳಿದ ಮೇಲೆ ಇಲ್ಲಿ ಜರ್ಮನ್ ಮಾತು, ಜರ್ಮನ್ ಹೆಸರು ಎರಡೂ ಅಪಾಯಕಾರಿಯಾದವು. ಅಯೋವಾದ ರಾಜ್ಯಪಾಲರು 1918ರಲ್ಲಿ ಸಾರ್ವಜನಿಕ ಸ್ಥಳದಲ್ಲಿ, ಫೋನಿನಲ್ಲಿ ಸಹ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದೆಂದು ಆಜ್ಞೆ ಹೊರಡಿಸಿದರು. ಅದೇ ವರ್ಷ ಇಲಿನಾಯ್‌ನ ಕಾಲಿನ್ಸ್‌ವಿಲ್ಲಿನಲ್ಲಿ ಜರ್ಮನ್ ಗಣಿ ಕಾರ್ಮಿಕನೊಬ್ಬನನ್ನು ಗುಂಪು ಕಟ್ಟಿಕೊಂಡು ನೇಣಿಗೆ ಹಾಕಿದರು. ಮಿಲ್ವಾಕಿಯ ಮಗ ಆ ವರ್ಷವೇ ಮಿಲ್ಲರ್ ಆಗಿದ್ದ. ಹೆಸರು ಬದಲಿಸಿದ ನಾಚಿಕೆಯೋ, ಅಣ್ಣನ ಮೇಲಿನ ಸಿಟ್ಟೋ, ಅವನು ಮತ್ತೆ ಊರಿಗೆ ಬರಲಿಲ್ಲ. ಅವನ ಮರಿಮಗನೊಬ್ಬ ಎಂಜಲಿನ ಡಿಎನ್ಎ ಪರೀಕ್ಷೆಗೆ ಒಪ್ಪಿದ. ಅವನಿಗೂ ನನ್ನ ಗಂಡನಿಗೂ 61 ಸೆಂಟಿಮಾರ್ಗನ್ (ಇಬ್ಬರಲ್ಲೂ ಒಂದೇ ಆಗಿರುವ ಡಿಎನ್ಎಯ ಅಳತೆ) ಹೊಂದಿಕೆಯಾಯಿತು. ಮುತ್ತಜ್ಜಂದಿರು ಅಣ್ಣತಮ್ಮಂದಿರಾಗಿರುವ ಇಬ್ಬರ ನಡುವೆ ಸರಾಸರಿ ಸುಮಾರು 70ರಷ್ಟು ಇರುತ್ತದೆ, ಹತ್ತರಲ್ಲಿ ಒಂದು ಜೋಡಿಗೆ ಏನೂ ಹೊಂದದೆ ಇರುವುದೂ ಉಂಟು. ಆದ್ದರಿಂದ ಈ ಪರೀಕ್ಷೆಯನ್ನು ನಾನು ಕಾಗದದಿಂದ ಕಂಡುಕೊಂಡದ್ದನ್ನು ಗಟ್ಟಿಮಾಡಿಕೊಳ್ಳಲು ಮಾತ್ರ ಬಳಸುತ್ತೇನೆ.

ಜನರನ್ನು ಕಂಡುಹಿಡಿಯುವುದು ಒಂದು, ಅವರನ್ನು ಬರಮಾಡಿಕೊಳ್ಳುವುದು ಬೇರೆಯೇ. ಮೊದಲು ಫೋನ್ ಮಾಡಿದೆ. ಭಾರತೀಯ ಉಚ್ಚಾರಣೆಯ ಅಪರಿಚಿತ ಹೆಂಗಸೊಬ್ಬಳು ಫೋನಿನಲ್ಲಿ ನಿಮ್ಮ ತಾಯಿಯ ತವರಿನ ಹೆಸರೇನು ಎಂದು ಕೇಳಿದರೆ ಈ ದೇಶದಲ್ಲಿ ಏನಾಗುತ್ತದೆಂದು ನಾನು ಯೋಚಿಸಬೇಕಾಗಿತ್ತು. ಇಲ್ಲಿಯ ಬ್ಯಾಂಕುಗಳು ಗುಟ್ಟಿನ ಪ್ರಶ್ನೆಯಾಗಿ ಕೇಳುವುದೂ ಅದನ್ನೇ. ಮೂವರು ಫೋನ್ ಇಟ್ಟರು, ಒಬ್ಬರು ಪೊಲೀಸರಿಗೆ ಹೇಳುವೆನೆಂದರು. ಆಮೇಲೆ ನಾದಿನಿಯ ಸಹಿಯಲ್ಲಿ ಕಾಗದದ ಪತ್ರಗಳನ್ನು ಬರೆದು, ಪ್ರತಿ ಪತ್ರದ ಜೊತೆ ಆ ಮನೆಯವರ ಅಜ್ಜಿಯದೋ ಮುತ್ತಜ್ಜಿಯದೋ ಒಂದು ಹಳೆಯ ಫೋಟೋದ ಪ್ರತಿಯನ್ನು ಇಟ್ಟು ಅಂಚೆಗೆ ಹಾಕಿದೆವು. ಪತ್ರಕ್ಕೆ ಉತ್ತರಿಸದವರು ಫೋಟೋಗೆ ಉತ್ತರಿಸಿದರು.

2017ರ ಜುಲೈ ತಿಂಗಳ ಎರಡನೆಯ ಶನಿವಾರ, ಕೌಂಟಿಯ ಉದ್ಯಾನವೊಂದರ ತಗಡಿನ ಚಪ್ಪರದ ಕೆಳಗೆ ಮೊದಲ ಕೂಟ ನಡೆಯಿತು. 118 ಮಂದಿ ಬಂದರು. ಪ್ರತಿಯೊಬ್ಬರ ಎದೆಯ ಮೇಲೂ ಒಂದು ಬ್ಯಾಡ್ಜ್, ಅದರ ಮೇಲೆ ಹೆಸರು, ಕವಲಿನ ಬಣ್ಣ ಮತ್ತು ಒಂದು ಸಂಖ್ಯೆ. ಈ ಸಂಖ್ಯೆಯ ಪದ್ಧತಿ ಸರಳ: ಮೂಲ ದಂಪತಿಗಳ ನಾಲ್ಕನೆಯ ಮಗುವಿನ ಎರಡನೆಯ ಮಗುವಿನ ಮೊದಲ ಮಗುವಿನ ಮೂರನೆಯ ಮಗು ನನ್ನ ಗಂಡ, ಆದ್ದರಿಂದ ಅವನು 4.2.1.3, ನಮ್ಮ ಮಗಳು 4.2.1.3.1. ಬ್ಯಾಡ್ಜನ್ನು ನೋಡಿದರೆ ಎದುರಿಗಿರುವವರು ನಮಗೆ ಏನಾಗಬೇಕೆಂದು ಬೆರಳೆಣಿಸಿ ಹೇಳಬಹುದು. ಬಂದ ಮಕ್ಕಳು ಹತ್ತು ನಿಮಿಷದಲ್ಲಿ ಇದನ್ನು ಕಲಿತುಕೊಂಡು ಹಿರಿಯರಿಗೆ ವಿವರಿಸುತ್ತಿದ್ದರು. ಮದುವೆಯಾಗಿ ಬಂದವರಿಗೆ ಸಂಖ್ಯೆಯಿಲ್ಲ. ಪಟ್ಟಿ ಮಾಡಿದವಳ ಬ್ಯಾಡ್ಜಿನ ಮೇಲೆಯೇ ಸಂಖ್ಯೆ ಇರಲಿಲ್ಲ.

ಊಟಕ್ಕೆ ಎಲ್ಲರೂ ಒಂದೊಂದು ತಂದರು: ಬಿಯರು ಮತ್ತು ಈರುಳ್ಳಿಯಲ್ಲಿ ಬೇಯಿಸಿ ಕೆಂಡದ ಮೇಲೆ ಸುಟ್ಟ ಬ್ರಾಟ್‌ವರ್ಸ್ಟ್, ಹುಳಿ ಎಲೆಕೋಸು, ವಿನೆಗರ್ ಹಾಕಿದ ಬಿಸಿ ಆಲೂಗಡ್ಡೆ ಸಲಾಡ್ ಆರು ಮನೆಯಿಂದ ಆರು ಬಗೆ. ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ನನ್ನ ಭಾಷೆಯ ದೊಡ್ಡ ನಿಘಂಟನ್ನು 1894ರಲ್ಲಿ ಹೊರತಂದವರು ಜರ್ಮನಿಯ ಈಸ್ಟ್ ಫ್ರೀಸ್‌ಲ್ಯಾಂಡಿನಲ್ಲಿ ಹುಟ್ಟಿದ ಕಿಟ್ಟೆಲ್, ಅವರು ಭಾರತಕ್ಕೆ ಬಂದದ್ದು ನಿಮ್ಮ ಮೂಲಪುರುಷ ಹುಟ್ಟಿದ 1853ರಲ್ಲೇ ಎಂದು ಹೇಳಿದಾಗ, ಅದುವರೆಗೆ ನನ್ನನ್ನು ಸಂಶಯದಿಂದ ನೋಡುತ್ತಿದ್ದ ಇಬ್ಬರು ಮುದುಕರು ಚಿತ್ರಾನ್ನದ ಪಾತ್ರೆಯ ಹತ್ತಿರ ಬಂದರು.

ಮಧ್ಯಾಹ್ನ, ಗಂಡಸರು ಶೀಪ್ಸ್‌ಹೆಡ್ ಇಸ್ಪೀಟಿಗೆ ಕೂತ ಮೇಲೆ, ಮಿಲ್ವಾಕಿಯ ಮಿಲ್ಲರ್ ಕವಲಿನ ಹೆಂಗಸೊಬ್ಬರು ಕಾರಿನಿಂದ ಒಂದು ಬೂಟಿನ ಡಬ್ಬಿ ತಂದರು. ಒಳಗೆ ಮಡಿಕೆಯಲ್ಲಿ ಹರಿದ, ಅಂಚಿನಲ್ಲಿ ಹೂಬಳ್ಳಿ ಅಚ್ಚಾದ ಒಂದು ಹಾಳೆ. ಜಗಳಮಾಡಿ ಹೋದ ಮಗ ತಂದೆಯ ಸಾಮಾನಿನಲ್ಲಿ ಇದೊಂದನ್ನು ಒಯ್ದಿದ್ದನಂತೆ. ಅದು 1868ರ ಗರಿಗಳ ಭಾನುವಾರದಂದು (ಈಸ್ಟರಿನ ಹಿಂದಿನ ಭಾನುವಾರ) ಹದಿನಾಲ್ಕು ವರ್ಷದ ಹುಡುಗನಿಗೆ ಚರ್ಚಿನಲ್ಲಿ ಕೊಟ್ಟ ದೃಢೀಕರಣದ, ಅಂದರೆ ಚರ್ಚಿನ ಪೂರ್ಣ ಸದಸ್ಯನಾದ, ಪತ್ರ: ಹೆಸರು, ಬೈಬಲ್ಲಿನ ಒಂದು ವಚನ, ಪಾದ್ರಿಯ ಸಹಿ, ಸಹಿಯ ಕೆಳಗೆ ಪ್ಯಾರಿಷ್ಷಿನ, ಅಂದರೆ ಆ ಚರ್ಚಿನ ವ್ಯಾಪ್ತಿಯ ಊರಿನ, ಹೆಸರು. ಎರಡು ವರ್ಷ ನಾನು ಪತ್ರಾಗಾರಗಳಲ್ಲಿ ಹುಡುಕಿದ ಊರು ಮಿಲ್ವಾಕಿಯ ಒಂದು ಕಪಾಟಿನಲ್ಲಿತ್ತು. ಹೊಸಹಳ್ಳಿಯೆಂಬುದು ಆ ಪ್ಯಾರಿಷ್ಷಿಗೆ ಸೇರಿದ ಏಳೆಂಟು ಮನೆಗಳ ಕೇರಿಗೆ ಆಡುಮಾತಿನಲ್ಲಿ ಇದ್ದ ಹೆಸರೆಂದು ಆಮೇಲೆ ತಿಳಿಯಿತು. ಅಂದಿನಿಂದ ನನ್ನನ್ನು ಯಾರು ಕೇಳಿದರೂ ಸಂಶೋಧನೆ ಮುಗಿಯಲಿ ಎಂದು ಕಾಯಬೇಡಿ, ಮೊದಲು ಜನರನ್ನು ಸೇರಿಸಿ ಎನ್ನುತ್ತೇನೆ. ಕಾಗದಗಳು ಅವರ ಕೈಯಲ್ಲಿವೆ.

ಆ ಊರು, ಜರ್ಮನ್ ಕಾಲದಲ್ಲಿ ಲಾಬೆಸ್ ಎಂದಿದ್ದು ಈಗ ಪೋಲೆಂಡಿನ ವೋಬೆಸ್ ಆಗಿರುವ ಪಟ್ಟಣದ ಸುತ್ತಿನದು. ಅದರ ಚರ್ಚಿನ ಪುಸ್ತಕಗಳಲ್ಲಿ ಕೆಲವು 1945ರಲ್ಲಿ ಕಳೆದುಹೋಗಿವೆ, ಉಳಿದವುಗಳ ಪ್ರತಿಗಳು ಮೈಕ್ರೋಫಿಲ್ಮಿನಿಂದ ಕಂಪ್ಯೂಟರಿಗೆ ಬಂದಿವೆ. ಓದಬೇಕಲ್ಲ! ಹತ್ತೊಂಬತ್ತನೆಯ ಶತಮಾನದ ಜರ್ಮನರು ಬರೆಯುತ್ತಿದ್ದದ್ದು ಕುರೆಂಟ್ ಎಂಬ ಬರಹದಲ್ಲಿ. ಅಕ್ಷರಗಳೆಲ್ಲ ಬಲಕ್ಕೆ ವಾಲಿದ ಮುಳ್ಳಿನ ಬೇಲಿಯ ಹಾಗೆ. ಅದರ ಇ (e) ಅಕ್ಷರ ನಮ್ಮ ಕಣ್ಣಿಗೆ ಎನ್ (n) ಆಗಿ ಕಾಣುತ್ತದೆ, ಯು ಅಕ್ಷರವನ್ನು ತಲೆಯ ಮೇಲಿನ ಸಣ್ಣ ಕೊಂಕಿನಿಂದಲೇ ಗುರುತಿಸಬೇಕು. ಹಾವೇರಿಯ ನಮ್ಮ ಮನೆಯಲ್ಲಿ ಮೋಡಿ ಲಿಪಿಯ ಜಮೀನಿನ ಕಾಗದಗಳಿವೆ, ಅಜ್ಜನ ನಂತರ ಅವನ್ನು ಓದುವವರಿಲ್ಲ. ಆ ಲಿಪಿಯನ್ನು ಕಲಿಯದ ನಾನು ಒಂದು ಚಳಿಗಾಲವಿಡೀ ಕೂತು ಕುರೆಂಟನ್ನು ಬರೆದು ಬರೆದು ಕಲಿತೆ. ಕಣ್ಣಿಗಿಂತ ಕೈ ಬೇಗ ಕಲಿಯುತ್ತದೆ.

ಕಲಿತ ಮೇಲೆ ದೊಡ್ಡ ತಪ್ಪು ಮಾಡಿದೆ. 1853ರ ದೀಕ್ಷಾಸ್ನಾನದ ಪಟ್ಟಿಯಲ್ಲಿ ನಮ್ಮವನ ಮೂರೂ ಹೆಸರುಗಳಿದ್ದ ಮಗುವೊಂದು ಸಿಕ್ಕಿತು, ತಂದೆ ಕೂಲಿಯವನು, ಹುಟ್ಟಿದ ದಿನ 14. ತಿಂಗಳಿನ ಜಾಗದಲ್ಲಿ ಪಾದ್ರಿ ಎಂಟರ ಅಂಕಿ ಬರೆದು ಅದರ ಬಾಲಕ್ಕೆ ಎರಡು ಅಕ್ಷರ ಸೇರಿಸಿದ್ದರು. ಎಂಟನೆಯ ತಿಂಗಳು ಆಗಸ್ಟ್, ಸಮಾಧಿಕಲ್ಲು ಹೇಳುವುದು ಅಕ್ಟೋಬರ್. ಇವನು ಬೇರೆ ಯಾರೋ ಎಂದು ಬದಿಗಿಟ್ಟು, ಪಕ್ಕದ ಊರಿನ ಇನ್ನೊಬ್ಬ ಮ್ಯೂಲರನ ಬೆನ್ನು ಹತ್ತಿ ನಾಲ್ಕು ತಿಂಗಳು ಹಾಳುಮಾಡಿದೆ. ಒಂದು ದಿನ ನಿವೃತ್ತ ಶಾಲಾ ಮಾಸ್ತರರಾದ ನನ್ನ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತ, ಈ ಪಾದ್ರಿ ತಿಂಗಳುಗಳನ್ನು ಏಳು, ಎಂಟು, ಒಂಬತ್ತು, ಹತ್ತು ಎಂದು ಅಂಕಿಯಲ್ಲಿ ಬರೆಯುತ್ತಾನೆ ಎಂದು ದೂರಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದರಿಂದ ಆರರವರೆಗೆ ಯಾಕೆ ಬರೆಯುವುದಿಲ್ಲ ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಸಪ್ತ, ಅಷ್ಟ, ನವ, ದಶ ಎಂದು ಹೇಳಿಕೋ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್ ಎನ್ನು ಎಂದರು. ಲ್ಯಾಟಿನ್ನಿನಲ್ಲಿಯೂ ಅದೇ ಎಣಿಕೆ, ಎಂಟಕ್ಕೆ ಬಾಲ ಸೇರಿಸಿದರೆ ಅಕ್ಟೋಬರ್. ಹಾವೇರಿಯಿಂದ ಹೊರಗೆ ಹೆಚ್ಚು ಓಡಾಡದ ಅಪ್ಪ ಪೊಮೆರೇನಿಯಾದ ಪಾದ್ರಿಯ ಬರಹವನ್ನು ನೋಡದೆಯೇ ಓದಿದ್ದರು.

ಎರಡನೆಯ ಕೂಟ 2019ರ ಜುಲೈಯಲ್ಲಿ. ಈ ಸಲ ಚಪ್ಪರದ ಉದ್ದಕ್ಕೂ ವಂಶವೃಕ್ಷದ ದೊಡ್ಡ ಪಟವನ್ನು ಅಚ್ಚುಹಾಕಿಸಿ ಕಟ್ಟಿದ್ದೆ. ಅದರ ನಡುವೆ, ಹೊಸದಾಗಿ ಸಿಕ್ಕ ಸಂಭ್ರಮದಲ್ಲಿ, ಮೂಲ ದಂಪತಿಗಳ ಮದುವೆ 1877ರ ನವೆಂಬರ್ ಎಂದೂ ಮೊದಲ ಮಗ ಹುಟ್ಟಿದ್ದು 1878ರ ಫೆಬ್ರವರಿ ಎಂದೂ ಬರೆಸಿದ್ದೆ. ಎರಡನೆಯ ಕವಲಿನ, ತೊಂಬತ್ತು ವರ್ಷದ ದೊಡ್ಡತ್ತೆಯೊಬ್ಬರು ಗಾಲಿಕುರ್ಚಿಯಲ್ಲಿ ಬಂದು ಪಟದ ಮುಂದೆ ನಿಂತರು, ತುಟಿಯಲ್ಲಿ ತಿಂಗಳು ಎಣಿಸಿದರು, ಕೈಚೀಲದಿಂದ ಪೆನ್ನು ತೆಗೆದು ಮದುವೆಯ ತಿಂಗಳ ಮೇಲೆ ಗೀಟು ಎಳೆದರು. ಯಾರ ಮುಖವನ್ನೂ ನೋಡಲಿಲ್ಲ. ಆ ಕಾಲದ ಪೊಮೆರೇನಿಯಾದ ಕೂಲಿಕಾರರಲ್ಲಿ ಇದೇನೂ ಅಪರೂಪವಲ್ಲವೆಂದು ನಾನು ಹೇಳಬಹುದಾಗಿತ್ತು, ಹೇಳಲಿಲ್ಲ. ನನ್ನ ಕಡತದಲ್ಲಿ ತಾರೀಖು ಹಾಗೆಯೇ ಇದೆ. ಪಟದಲ್ಲಿ ಈಗ ವರ್ಷಗಳನ್ನು ಮಾತ್ರ ಬರೆಸುತ್ತೇನೆ.

ಆ ಸೆಪ್ಟೆಂಬರಿನಲ್ಲಿ ನಾವು ಐವರು ಪೋಲೆಂಡಿಗೆ ಹೋಗಿಬಂದೆವು. ಹೆಚ್ಚು ಹೇಳುವಂಥದ್ದೇನೂ ಇಲ್ಲ. 1945ರ ನಂತರ ಅಲ್ಲಿಯ ಜರ್ಮನರನ್ನು ಹೊರಹಾಕಿದರು. ಕೇರಿಯ ಕೊನೆಯ ಮನೆಯಲ್ಲಿ ಈಗ ಇರುವವರು, ಸೋವಿಯತ್ ಒಕ್ಕೂಟಕ್ಕೆ ಸೇರಿಹೋದ ಪೂರ್ವ ಪೋಲೆಂಡಿನಿಂದ ಆಗ ಎಬ್ಬಿಸಿ ತಂದವರ ಮೊಮ್ಮಕ್ಕಳು. ನಾವು ಮನೆ ಕೇಳಲು ಬಂದವರಲ್ಲವೆಂದು ತಿಳಿದ ಮೇಲೆ ಕಾಫಿ ಕೊಟ್ಟು, ತಮ್ಮ ಅಜ್ಜನ ಊರಿನ ಫೋಟೋ ತೋರಿಸಿದರು.

2020ರ ಕೊರೋನಾ ಕಾಲದಲ್ಲಿ, ಎಲ್ಲರೂ ಮನೆಯೊಳಗಿದ್ದಾಗ, ನಾನು ಒಂಬತ್ತರಲ್ಲಿ ಏಳಕ್ಕೆ ಮರಳಿದೆ. ನಮಗೆ ಗೊತ್ತಿದ್ದದ್ದು ಎಂಟು ಮಕ್ಕಳ ಹೆಸರು: ಬದುಕಿ ಬಾಳಿದ ಏಳು ಜನ ಮತ್ತು ವಿಸ್ಕಾನ್ಸಿನ್ನಿನ ಸಮಾಧಿಭೂಮಿಯಲ್ಲಿ ಕಲ್ಲಿರುವ ಒಂದು ಮಗು. ಮೊದಲ ಮಗ 1878, ಮುಂದಿನ ಮಗಳು 1881. ನಡುವೆ ಮೂರು ವರ್ಷದ ಜಾಗವಿದೆ. ಆ ವರ್ಷಗಳ ಚರ್ಚಿನ ಪುಸ್ತಕ ಉಳಿದಿಲ್ಲ. ಆದರೆ ಪ್ರಷ್ಯಾದಲ್ಲಿ 1874ರ ಅಕ್ಟೋಬರಿನಿಂದ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರಿ ಕಚೇರಿಯಲ್ಲಿಯೂ ಬರೆಸಬೇಕಾಗಿತ್ತು, ಆ ಪುಸ್ತಕಗಳನ್ನು ಪೋಲೆಂಡಿನ ಸರ್ಕಾರಿ ಪತ್ರಾಗಾರಗಳು ಒಂದೊಂದಾಗಿ ಅಂತರ್ಜಾಲಕ್ಕೆ ಹಾಕುತ್ತಿದ್ದವು. 1880ರ ಮರಣದ ಪುಸ್ತಕದಲ್ಲಿ ಅವನಿದ್ದ. ಹತ್ತೊಂಬತ್ತು ದಿನದ ಗಂಡುಮಗು, ಹೆಸರಿಟ್ಟಾಗಿತ್ತು. ಅಚ್ಚಾದ ನಮೂನೆಯ ಕೊನೆಯಲ್ಲಿ ಓದಿ ಹೇಳಲಾಯಿತು, ಒಪ್ಪಲಾಯಿತು, ಸಹಿ ಮಾಡಲಾಯಿತು ಎಂಬ ಸಾಲು, ಅದರ ಕೆಳಗೆ ತಂದೆಯ ಸಹಿ. ಗುಮಾಸ್ತನ ಬರಹದ ಓಟವೆಲ್ಲ ಮುಗಿದ ಮೇಲೆ, ಒಂದೊಂದು ಅಕ್ಷರಕ್ಕೂ ಲೇಖನಿಯನ್ನು ಎತ್ತಿ ಇಟ್ಟು ಬರೆದ, ಯು ಅಕ್ಷರದ ಮೇಲಿನ ಎರಡು ಚುಕ್ಕೆಗಳನ್ನು ಒತ್ತಿ ಇಟ್ಟ ಸಹಿ. ಮೂಲಪುರುಷನ ಕೈಬರಹ ನಮಗೆ ಸಿಕ್ಕಿರುವುದು ಅದೊಂದೇ.

ಇದರಿಂದ ಒಂದು ತೊಂದರೆ ಹುಟ್ಟಿತು. ಆ ಮಗು ಎರಡನೆಯದು. ಅಂದ ಮೇಲೆ ಎರಡನೆಯ ಕವಲೆಂದು ಕರೆಸಿಕೊಳ್ಳುತ್ತಿದ್ದವರು ಮೂರನೆಯವರು, ಮೂರನೆಯವರು ನಾಲ್ಕನೆಯವರು, ನಮ್ಮ ಮಗಳು 5.2.1.3.1, ಮೊದಲ ಮಗನ ಕಡೆಯವರನ್ನು ಬಿಟ್ಟು ಉಳಿದ ಎಲ್ಲರ ಬ್ಯಾಡ್ಜೂ ತಪ್ಪು. 2022ರ ಕೂಟಕ್ಕೆ ಮೊದಲು ಕವಲಿಗೊಬ್ಬರಂತೆ ವಿಡಿಯೋ ಕರೆಯಲ್ಲಿ ಸೇರಿ ಚರ್ಚೆ ಮಾಡಿದೆವು. ಐದು ವರ್ಷದಿಂದ ಮೂರನೆಯ ಕವಲಿನ ಹಸಿರು ಅಂಗಿ ತೊಟ್ಟು ಹಗ್ಗ ಜಗ್ಗಾಟ ಗೆದ್ದವರು ತಾವು ಮೂರನೆಯವರಾಗಿಯೇ ಇರುವೆವೆಂದರು. ಸಂತಾನವಿಲ್ಲದ ಹತ್ತೊಂಬತ್ತು ದಿನದ ಮಗುವಿಗೆ ಸಂಖ್ಯೆಯೇಕೆ, ಸೊನ್ನೆಯನ್ನೋ ಒಂದೂವರೆಯನ್ನೋ ಕೊಡಿ ಎಂದು ಇನ್ನೊಬ್ಬರು ಹೇಳಿದರು, ಗಣಿತದ ದೃಷ್ಟಿಯಿಂದ ಅದು ಕೆಟ್ಟ ಸಲಹೆಯಾಗಿರಲಿಲ್ಲ. ಪಟದ ಮೇಲೆ ಗೀಟು ಎಳೆದಿದ್ದ ದೊಡ್ಡತ್ತೆಗೆ ಆಗ ತೊಂಬತ್ತಮೂರು. ಮೊಮ್ಮಗಳು ಫೋನನ್ನು ಅವರ ಮುಖದ ಮುಂದೆ ಹಿಡಿದುಕೊಂಡಿದ್ದಳು. ನನ್ನ ಅಜ್ಜಿಗಿಂತ ಮೊದಲು ಅವನು ಹುಟ್ಟಿದ್ದು ಹೌದೋ ಅಲ್ಲವೋ ಎಂದು ಕೇಳಿದರು. ಹೌದು ಎಂದೆ. ಹಾಗಾದರೆ ನಾವು ಸರಿದು ಕೂರೋಣ ಎಂದರು.

ಆ ವಾರ 187 ಬ್ಯಾಡ್ಜುಗಳಲ್ಲಿ 160ನ್ನು ಹೊಸದಾಗಿ ಅಚ್ಚುಹಾಕಿದೆ. ಹಸಿರು ಅಂಗಿಯವರು ಮೂರರ ಮೇಲೆ ನಾಲ್ಕನ್ನು ಬಟ್ಟೆಯಲ್ಲಿ ಕತ್ತರಿಸಿ ಹೊಲಿದುಕೊಂಡು ಬಂದರು.